ಇದ್ದ ಹಾಗೇ ಇರಿ

ಬಚ್ಚಲುಮನೆಯ ಹೊರಗೋಡೆಗೆ ಒಂದು ಮೊಳೆ, ಆ ಮೊಳೆಗೆ ಅಂಗೈಯಗಲದ ಒಂದು ಕನ್ನಡಿ. ದಿನಾ ಬೆಳಿಗ್ಗೆ ನನ್ನ ಭಾವ ಅದರ ಮುಂದೆ ಎದೆ ಸೆಟೆಸಿ ನಿಂತು ಗಡ್ಡ ಹೆರೆದುಕೊಳ್ಳುತ್ತಿದ್ದರು. ಎದುರಿನ ಮೆಟ್ಟಿಲ ಮೇಲೆ ನನ್ನ ಅಕ್ಕ ಕುಳಿತು, ಪೂಜೆ ನೋಡುವವಳ ಹಾಗೆ, ಕಣ್ಣು ಕದಲಿಸದೆ ನೋಡುತ್ತಿದ್ದಳು. ಸೋಪಿನ ನೊರೆಯೆಲ್ಲ ಹೋಗಿ, ಮುಖ ತೊಳೆದು, ಟವೆಲಿನಿಂದ ಒರೆಸಿಕೊಂಡು ಅವರು ಈ ಕಡೆ ತಿರುಗಿದೊಡನೆ ಅವಳ ಮುಖ ಅರಳುತ್ತಿತ್ತು.

"ಬಂದ್ರಾ?" ಎನ್ನುತ್ತಿದ್ದಳು.

"ಬಂದೆ ಕಣೇ."

"ಎಷ್ಟು ದಿನ ರಜ?"

"ಇನ್ನು ಹೋಗೋದೇ ಇಲ್ಲ."

ಈ ಮಾತುಕತೆ ಒಂದು ದಿನವೂ ತಪ್ಪುತ್ತಿರಲಿಲ್ಲ. ಹಿಂದಿನ ರಾತ್ರಿ ಪಕ್ಕದಲ್ಲೇ ಮಲಗಿದ್ದ ಗಂಡನನ್ನು ಬೆಳಿಗ್ಗೆ ಅವಳು ಮತ್ತೆ ಹೊಸದಾಗಿ ಬರಮಾಡಿಕೊಳ್ಳುತ್ತಿದ್ದಳು. ಭಾವನೂ ಬೇಸರಿಸದೆ ದಿನಾ ಹೊಸದಾಗಿ ಬರುತ್ತಿದ್ದರು.

ಭಾವ ಚನ್ನಿಗಪ್ಪ ಸೈನ್ಯದಲ್ಲಿ ಹವಾಲ್ದಾರರಾಗಿದ್ದು ನಿವೃತ್ತರಾದವರು. ಸೈನ್ಯ ಅವರನ್ನು ಬಿಟ್ಟಿತ್ತೇ ಹೊರತು ಅವರು ಸೈನ್ಯವನ್ನು ಬಿಟ್ಟಿರಲಿಲ್ಲ. ಹೊದಿಕೆಯನ್ನು ಇಟ್ಟಿಗೆಯ ಹಾಗೆ ಮೂಲೆ ಹಿಡಿದು ಮಡಿಸುತ್ತಿದ್ದರು. ಸಾರಿಗೆ ಒಗ್ಗರಣೆ ಹಾಕುವುದಕ್ಕೂ ಗಡಿಯಾರ ನೋಡುವ ಮನುಷ್ಯ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಇವರದು ಹುಟ್ಟುಗುಣವೂ ಅಲ್ಲ, ಪೆರೇಡಿನ ಮೈದಾನದಲ್ಲಿ ಬಂದ ಗುಣ, ಆದರೂ ಹೋಗಿರಲಿಲ್ಲ. ಅಕ್ಕ ದೇವೀರಮ್ಮ ಅವರ ಬೆನ್ನ ಹಿಂದೆ ಊರೂರಿನ ಕ್ವಾರ್ಟರ್ಸ್ ಸುತ್ತಿ, ಹಿಂದಿ ಕಲಿತು, ತರಕಾರಿಯವನ ಜೊತೆ ಹಿಂದಿಯಲ್ಲೇ ಜಗಳವಾಡಿ ಗೆದ್ದು ಬಂದ ಗಟ್ಟಿಗಿತ್ತಿ. ಅಂಥವಳಿಗೆ ಮರೆವಿನ ಕಾಯಿಲೆ ಅಂಟಿಕೊಂಡಿತು. ಮೊದಲು ನೆಂಟರ ಹೆಸರುಗಳು ಹೋದವು. ಆಮೇಲೆ ಒಲೆ ಆರಿಸುವುದು ಮರೆಯಿತು, ಕೊನೆಗೆ ಮನೆಯ ದಾರಿಯೇ ಮರೆಯಿತು. ಅವರಿಗೆ ಮಕ್ಕಳಿರಲಿಲ್ಲ. ಹಾಗಾಗಿ ನಾನು ಹೋಗಿ ಅವರ ಜೊತೆಯಲ್ಲಿದ್ದೆ.

ಇಬ್ಬರೂ ಸೇರಿ ಹೇಗೋ ಸುಧಾರಿಸುತ್ತಿದ್ದೆವು. ಒಂದು ದಿನ ಬಚ್ಚಲಿನಲ್ಲಿ ಜಾರಿದ ಅಕ್ಕನನ್ನು ಎತ್ತಲು ಹೋಗಿ ಭಾವನ ಸೊಂಟ ಉಳುಕಿತು. ಉಳುಕೆಂದರೆ ಎಣ್ಣೆ ತಿಕ್ಕಿದರೆ ಹೋಗುವ ಉಳುಕಲ್ಲ. ಇನ್ನು ಮೇಲೆ ತುಂಬಿದ ಕೊಡ ಕೂಡ ಎತ್ತಬಾರದು, ಎತ್ತಿದರೆ ನೀವೇ ಹಾಸಿಗೆ ಹಿಡಿಯುತ್ತೀರಿ ಎಂದರು ಆಸ್ಪತ್ರೆಯವರು. ಅದೇ ಹೊತ್ತಿಗೆ ನನ್ನ ಮಗಳಿಗೆ ದಿನ ತುಂಬುತ್ತಿತ್ತು. ಹೆತ್ತ ತಾಯಿ ಬಾಣಂತನಕ್ಕೆ ಹೋಗದೆ ಇರಲಾದೀತೆ? ಆ ಕಡೆ ಮಗಳು, ಈ ಕಡೆ ಅಕ್ಕ, ನಡುವೆ ನಾನು ಅಡಕತ್ತರಿಯಲ್ಲಿ ಸಿಕ್ಕ ಅಡಕೆ.

ಹಿಂದಿನ ಬೀದಿಯ ಸಣ್ಣಮ್ಮ ಬೆಳಗಿನಿಂದ ಸಂಜೆಯವರೆಗೆ ಬಂದು ನೋಡಿಕೊಳ್ಳಲು ಒಪ್ಪಿದ್ದಳು. ಹಾಸಿಗೆ ಹಿಡಿದ ಅತ್ತೆಯನ್ನು ವರ್ಷಗಟ್ಟಲೆ ನೋಡಿಕೊಂಡಿದ್ದ ಹೆಂಗಸು, ಕೈ ಮೃದು. ಆದರೆ ಭಾವನ ಪಿಂಚಣಿ ಬಾಡಿಗೆಗೂ ಔಷಧಕ್ಕೂ ಸರಿಹೋಗುತ್ತಿತ್ತು, ಸಣ್ಣಮ್ಮನ ಸಂಬಳಕ್ಕೆ ಏನೂ ಉಳಿಯುತ್ತಿರಲಿಲ್ಲ. ಇನ್ನೊಂದು ದಾರಿಯಿತ್ತು. ಪಕ್ಕದ ಊರಿನಲ್ಲಿ ಇಂಥವರಿಗಾಗಿಯೇ ಒಂದು ಆಶ್ರಮವಿತ್ತು. ಅಲ್ಲಿ ಹೆಂಗಸರನ್ನು ಮಾತ್ರ ಸೇರಿಸಿಕೊಳ್ಳುತ್ತಿದ್ದರು. ಗಂಡ ಬೇಕಾದರೆ ಭಾನುವಾರ ಬಂದು ನೋಡಿಕೊಂಡು ಹೋಗಬಹುದಂತೆ. ಆ ಮಾತು ಕೇಳಿದ ದಿನ ಭಾವ ಮುಂದಿಟ್ಟ ಕಾಫಿಯನ್ನು ಮುಟ್ಟಲಿಲ್ಲ.

ಮಾಜಿ ಸೈನಿಕರ ಹೆಂಡಂದಿರಿಗೆ ಇಂಥ ಕಾಯಿಲೆ ಬಂದರೆ ನೋಡಿಕೊಳ್ಳುವ ಆಳಿಗೆಂದು ಸಹಾಯಧನ ಕೊಡುತ್ತಾರೆಂದು ನನಗೆ ಯಾರೋ ಹೇಳಿದರು. ಊರಿನಲ್ಲೇ ಅದರ ಕಚೇರಿಯಿತ್ತು. ಭಾವನಿಗೆ ಹೇಳಿದರೆ ಉರಿದುಬಿದ್ದರು.

"ಕೇಳೋದಾ? ನಾನು ಇವತ್ತಿನವರೆಗೂ ಯಾರ ಮುಂದೇನೂ ಕೈಯೊಡ್ಡಿದೋನಲ್ಲ."

"ಇದು ಭಿಕ್ಷೆ ಅಲ್ಲ ಭಾವ, ನಿಮ್ಮ ಹಕ್ಕು."

"ಹಕ್ಕಾದ್ರೂ ಬಾಯಿಬಿಟ್ಟು ಕೇಳ್ಬೇಕಲ್ಲ."

ಕೊನೆಗೆ ನಾನೇ ಕಚೇರಿಗೆ ಅಲೆದು ಆಗಬೇಕಾದ್ದನ್ನೆಲ್ಲ ಮಾಡಿದೆ. ಕಚೇರಿಯ ಮುಖ್ಯಸ್ಥರಾದ ಮೇಜರ್ ಸಾಹೇಬರೂ ಒಬ್ಬರು ಡಾಕ್ಟರಮ್ಮನೂ ಮನೆಗೆ ಬಂದು ಅಕ್ಕನನ್ನು ನೋಡಿ ತೀರ್ಮಾನ ಮಾಡುತ್ತಾರೆಂದು ತಿಳಿಸಿದರು.

ಭಾವನ ಕಿವಿಗೆ ಬಿದ್ದದ್ದು ಒಂದೇ ಮಾತು: ಸಾಹೇಬರು ನೋಡಲು ಬರುತ್ತಾರೆ. ಅಂದಮೇಲೆ ಅದು ಇನ್ಸ್‌ಪೆಕ್ಷನ್. ಮನೆ ಮನೆಯಾಗಿ ಉಳಿಯಲಿಲ್ಲ. ಹೂವಿನ ಕುಂಡಗಳಿಗೆ ಸುಣ್ಣ, ಅಂಗಳದ ಅಂಚಿನ ಕಲ್ಲುಗಳಿಗೆ ಕೆಮ್ಮಣ್ಣು. ಸೊಂಟಕ್ಕೆ ಪಟ್ಟಿ ಬಿಗಿದುಕೊಂಡೇ ಹಿತ್ತಾಳೆ ಪಾತ್ರೆಗಳಿಗೆಲ್ಲ ಹುಣಸೆಹಣ್ಣು ತಿಕ್ಕಿದರು. ಅಕ್ಕನ ಪೆಟ್ಟಿಗೆಯಿಂದ ರೇಷ್ಮೆ ಸೀರೆ ಹೊರಗೆ ಬಂತು. ಅದನ್ನು ಅವರೇ ಇಸ್ತ್ರಿ ಮಾಡಿದರು. ನಾನು ಉಡಿಸುತ್ತಿದ್ದರೆ, ನೆರಿಗೆ ಒಂದಕ್ಕೊಂದು ಸಮ ಇಲ್ಲ ಎಂದು ಬಿಚ್ಚಿಸಿ ಮತ್ತೆ ಉಡಿಸಿದರು. ತಲೆಗೆ ಎಣ್ಣೆ, ಜಡೆ, ಮಲ್ಲಿಗೆ.

"ಭಾವ, ಅವರು ಬರೋದು ಕಾಯಿಲೆ ನೋಡೋಕೆ. ಹೆಣ್ಣು ನೋಡೋಕಲ್ಲ," ಎಂದೆ.

"ಸಾಹೇಬರು ಬಂದಾಗ ಮನೆ ಹಿಂಗೇ ಇರ್ಬೇಕು. ನಿಂಗೆ ಗೊತ್ತಾಗಲ್ಲ, ಸುಮ್ನಿರು."

ಜೀಪು ಬಂತು. ಅದರ ಸದ್ದಿಗೆ ಅಕ್ಕನೊಳಗೆ ಏನು ಎದ್ದು ಕೂತಿತೋ ಕಾಣೆ. ಬೆಳಿಗ್ಗೆ ದೋಸೆ ತಿನ್ನುವುದು ಹೇಗೆಂದು ತಿಳಿಯದೆ ಕೈಯಲ್ಲಿ ಹಿಡಿದು ಕೂತಿದ್ದವಳು ನೆಟ್ಟಗೆ ಬಾಗಿಲಿಗೆ ಹೋಗಿ ಕೈ ಮುಗಿದಳು. "ಆಯಿಯೇ ಸಾಬ್, ಬೈಠಿಯೇ," ಎಂದಳು. ಮೇಮ್‌ಸಾಬ್ ಹೇಗಿದ್ದಾರೆ ಎಂದು ವಿಚಾರಿಸಿದಳು. ನಾನು ತಂದ ಟೀಯನ್ನು ತಾನೇ ಎತ್ತಿ ಕೊಟ್ಟಳು. ನಾನು ಮೂಗಿನ ಮೇಲೆ ಬೆರಳಿಟ್ಟುಕೊಂಡು ನಿಂತೆ.

ಡಾಕ್ಟರಮ್ಮ, ಇವತ್ತು ಏನು ತಾರೀಖು ಎಂದು ಕೇಳಿದರು.

"ಮನೇಲಿರೋ ಹೆಂಗಸಿಗೆ ತಾರೀಖು ಯಾಕಮ್ಮ? ಅವರು ಮನೆಗೆ ಬಂದ ದಿನವೇ ಹಬ್ಬ," ಎಂದಳು ಅಕ್ಕ. ಎಲ್ಲರೂ ನಕ್ಕರು.

"ನಿಮ್ಮ ಯಜಮಾನರ ಹೆಸರೇನಮ್ಮ?"

ಅಕ್ಕ ನಾಚಿ, ಸೆರಗನ್ನು ಬಾಯಿಗೆ ಒತ್ತಿ, ಭಾವನ ಕಡೆ ನೋಡಿದಳು. "ಗಂಡನ ಹೆಸರು ಯಾರಾದ್ರೂ ಹೇಳ್ತಾರಾ?"

ಹಳೇ ಕಾಲದ ಹೆಂಗಸು, ಹೆಸರು ಹೇಳಲು ಸಂಕೋಚ ಎಂದುಕೊಂಡು ಡಾಕ್ಟರಮ್ಮ ಮುಂದಕ್ಕೆ ಹೋದರು. ಆ ಹೆಸರು ಅವಳಲ್ಲಿ ಉಳಿದೇ ಇಲ್ಲವೆಂದು ನನಗೆ ಗೊತ್ತಿತ್ತು. ಬಾಯಿ ಹಾಕಲು ಹೋದರೆ ಭಾವ ಕಣ್ಣು ಬಿಟ್ಟರು. ಮೇಜರ್ ಸಾಹೇಬರು ಅವರ ಕಡೆ ತಿರುಗಿ, "ಹವಾಲ್ದಾರ್ ಸಾಬ್, ಏನಾದರೂ ತೊಂದರೆ ಇದೆಯಾ?" ಎಂದರು. ಭಾವ ಅಟೆನ್ಷನ್‌ನಲ್ಲಿ ನಿಂತು, "ಸಬ್ ಠೀಕ್ ಹೈ ಸರ್!" ಎಂದುಬಿಟ್ಟರು. ಇನ್ಸ್‌ಪೆಕ್ಷನ್ ದಿನ ಸಾಹೇಬರು ಕೇಳಿದರೆ ಅವರ ಸರ್ವೀಸಿನಲ್ಲಿ ಅದೊಂದೇ ಉತ್ತರವಿತ್ತು. ನನಗೆ ತಲೆ ತಲೆ ಚಚ್ಚಿಕೊಳ್ಳುವಂತಾಯಿತು.

ಜೀಪು ತಿರುವು ದಾಟಿರಲಿಲ್ಲ, ಅಕ್ಕ ನನ್ನ ಕೈ ಜಗ್ಗಿ, "ಮದುವೆ ಮುಗೀತಾ? ನಮ್ಮನೆಗೆ ಹೋಗೋಣ," ಎಂದಳು. ಅದೇ ರೇಷ್ಮೆ ಸೀರೆಯಲ್ಲಿ ನೆಲದ ಮೇಲೆ ಮುದುರಿ ಮಲಗಿ, ಸೀರೆಯನ್ನು ಒದ್ದೆ ಮಾಡಿಕೊಂಡಳು.

ಸಹಾಯಧನ ಮಂಜೂರಾಗಲಿಲ್ಲ. ಸುದ್ದಿ ಬಂದ ದಿನ ನನ್ನ ನಾಲಿಗೆಗೆ ಲಗಾಮು ಇರಲಿಲ್ಲ. "ನಿಮಗೆ ಅಕ್ಕ ಬೇಕಾ, ಇನ್ಸ್‌ಪೆಕ್ಷನ್‌ನಲ್ಲಿ ಪಾಸಾಗೋದು ಬೇಕಾ? ಈಗ ಭಾನುವಾರ ಭಾನುವಾರ ಹೋಗಿ ನೋಡ್ಕೊಂಡು ಬನ್ನಿ!" ಎಂದೆ. ಭಾವ, "ಅವಳನ್ನ ಆ ಅವತಾರದಲ್ಲಿ ಬೇರೆಯವರಿಗೆ ಹೆಂಗೆ ತೋರಿಸ್ಲಿ ಹೇಳು. ಅವಳು ಹಂಗಿದ್ದೋಳಲ್ಲ," ಎಂದರು. ನನ್ನ ಸಿಟ್ಟೆಲ್ಲ ಇಳಿದುಹೋಯಿತು. ನನಗೇ ಅಳು ಬಂತು.

ಮರುದಿನ ನಾನೊಬ್ಬಳೇ ಹೋಗಿ ಮೇಜರ್ ಸಾಹೇಬರಿಗೆ ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಒಳ್ಳೆಯ ಮನುಷ್ಯ, ಪೂರ್ತಿ ಕೇಳಿದರು. "ಇನ್ನೊಂದು ಸಲ ಬರ್ತೀವಮ್ಮ. ಇದು ಇನ್ಸ್‌ಪೆಕ್ಷನ್ ಅಲ್ಲ, ಇದ್ದ ಹಾಗೇ ಇರಿ ಅಂತ ಅವರಿಗೆ ಹೇಳಿ. ಇದು ನನ್ನ ಆರ್ಡರ್ ಅಂತಾನೇ ಹೇಳಿ," ಎಂದು ನಕ್ಕರು. ಅವರು ತಮಾಷೆಗೆ ಅಂದದ್ದು. ಭಾವನಿಗೆ ಆರ್ಡರಿನಲ್ಲಿ ತಮಾಷೆ ಎಂಬುದಿರಲಿಲ್ಲ.

ಮಾಡುವಾಗ ಅತಿ ಮಾಡಿದ ಹಾಗೆಯೇ ಕೆಡಿಸುವಾಗಲೂ ಅತಿ ಮಾಡಿದರು. ಮಡಿಸಿದ ಹೊದಿಕೆಗಳನ್ನು ಕೆದರಿದರು. ಪಾತ್ರೆಗಳನ್ನು ತೊಳೆಯಲು ಬಿಡಲಿಲ್ಲ. ತಾವೂ ತೂತುಬಿದ್ದ ಬನಿಯನ್ನು, ಮುದುರಿದ ಲುಂಗಿ ಹಾಕಿಕೊಂಡು ಕೂತರು. ಸಾಹೇಬರು ಬರುವುದು ತಿಳಿದ ದಿನದಿಂದ ಗಡ್ಡವನ್ನೂ ಹೆರೆಯಲಿಲ್ಲ.

"ಇದ್ದ ಹಾಗೆ ಅಂದ್ರೆ ದಿನಾ ಇರೋ ಹಾಗೆ ಭಾವ, ಸನ್ಯಾಸಿ ಹಾಗಲ್ಲ."

"ಆರ್ಡರ್ ಅಂದ್ಮೇಲೆ ಅರ್ಧಂಬರ್ಧ ಮಾಡೋ ಅಭ್ಯಾಸ ನಂಗಿಲ್ಲ."

ಸಾಹೇಬರು ಬರುವ ದಿನ ಬೆಳಿಗ್ಗೆಯೂ ಅಕ್ಕ ಎಂದಿನಂತೆ ಮೆಟ್ಟಿಲ ಮೇಲೆ ಕೂತಳು. ಗೋಡೆಯ ಮೇಲೆ ಕನ್ನಡಿ ಇತ್ತು, ಆವತ್ತೂ ಅದರ ಮುಂದೆ ಯಾರೂ ನಿಲ್ಲಲಿಲ್ಲ. ಬಿಸಿಲು ಏರಿದರೂ ಅವಳು ಏಳಲಿಲ್ಲ.

"ಅವರಿನ್ನೂ ಬರ್ಲಿಲ್ವಲ್ಲೇ," ಎಂದಳು.

"ಬರ್ತಾರೆ ಬಾರಕ್ಕ, ತಿಂಡಿ ತಿನ್ನು," ಎಂದು ಒಳಗೆ ಕರೆದುಕೊಂಡು ಹೋದೆ. ಮರೆವಿನಲ್ಲಿ ಆಡುವ ಮಾತು ತಾನೇ ಎಂದುಕೊಂಡೆ.

ಮೇಜರ್ ಸಾಹೇಬರೂ ಡಾಕ್ಟರಮ್ಮನೂ ಒಳಗೆ ಬಂದಾಗ ಅಕ್ಕ ಗೋಡೆಯ ಪಕ್ಕದ ಬೆಂಚಿನ ಮೇಲೆ ಕುಳಿತು ಹೊದಿಕೆಯ ನೂಲನ್ನು ಒಂದೊಂದಾಗಿ ಎಳೆಯುತ್ತಿದ್ದಳು. ತಲೆಯೆತ್ತಿ ನೋಡಲೂ ಇಲ್ಲ. ಭಾವ ಎದ್ದು ನಿಂತರು. ಬನಿಯನ್ನಿನಲ್ಲಿ ಸೆಲ್ಯೂಟ್ ಹೊಡೆಯುವಂತಿಲ್ಲ, ಕೈಯನ್ನು ಎಲ್ಲಿಡಬೇಕೆಂದು ಅವರಿಗೆ ತಿಳಿಯಲಿಲ್ಲ. ಮುಖದ ತುಂಬ ಬಿಳಿ ಕೂಳೆಗಡ್ಡ. ಅಷ್ಟು ಮುದುಕರಾಗಿ ನಾನು ಅವರನ್ನು ಯಾವತ್ತೂ ನೋಡಿರಲಿಲ್ಲ.

"ಹೇಳಿ, ಏನು ತೊಂದರೆ?" ಎಂದರು ಮೇಜರ್ ಸಾಹೇಬರು ಮೆತ್ತಗೆ.

"ಸರ್, ನನ್ನ ಹೆಂಡ್ತಿಗೆ..." ಎಂದು ಭಾವ ನಿಲ್ಲಿಸಿದರು. "ನನ್ನ ಹೆಂಡ್ತಿಗೆ ಹುಷಾರಿಲ್ಲ ಸರ್. ನನ್ನ ಕೈಲಿ ಆಗ್ತಾ ಇಲ್ಲ. ಏನಾದ್ರೂ ಸಹಾಯ..." ಅವರು ತಲೆ ತಗ್ಗಿಸಿಬಿಟ್ಟರು. ಆ ಮಾನವಂತ ಮನುಷ್ಯ ಕೊನೆಗೂ ಬಾಯಿಬಿಟ್ಟು ಕೇಳಿದ್ದರು.

ಆಗ ಅಕ್ಕ ಹೊದಿಕೆಯನ್ನು ಪಕ್ಕಕ್ಕಿಟ್ಟು ಎದ್ದಳು. ಕೆದರಿದ ಕೂದಲಲ್ಲೇ ನೇರ ಸಾಹೇಬರ ಮುಂದೆ ಹೋಗಿ ನಿಂತಳು.

"ಬೈಬೇಡಿ ಸಾಬ್," ಎಂದಳು. "ಪಾಪ, ಯಾರೋ ಏನೋ. ಅವನ ಮುಖ ನೋಡಿ ಹೆಂಗಾಗಿದೆ. ಹೆಂಡ್ತಿಗೆ ಹುಷಾರಿಲ್ವಂತೆ. ಒಬ್ಬನೇ ಏನ್ ಮಾಡ್ತಾನೆ? ಗಂಡಸರು ಕೇಳೋಕೆ ನಾಚ್ಕೋತಾರೆ ಸಾಬ್, ನೀವೇ ತಿಳ್ಕೊಂಡು ಏನಾದ್ರೂ ಮಾಡಿ. ನಮ್ಮನೆಯವರು ಇದ್ದಿದ್ರೆ ಅವರೇ ಹೇಳ್ತಿದ್ರು. ಅವರಿನ್ನೂ ಬಂದಿಲ್ಲ."

ಕ್ವಾರ್ಟರ್ಸ್‌ನಲ್ಲಿದ್ದ ಕಾಲದಲ್ಲಿ ಯಾವ ಸಿಪಾಯಿಯ ಮನೆಯಲ್ಲಿ ಕಷ್ಟ ಬಂದರೂ ಅಕ್ಕನನ್ನೇ ಸಾಹೇಬರ ಹತ್ತಿರ ಕಳಿಸುತ್ತಿದ್ದರಂತೆ. ಅದನ್ನು ಭಾವ ನನಗೆ ಹೇಳಿದ್ದು ಆಮೇಲೆ. ಗಡ್ಡ ಬಂದ ಆ ಮುಖದಲ್ಲಿ ಅವಳಿಗೆ ಗಂಡ ಸಿಕ್ಕಿರಲಿಲ್ಲ.

ಡಾಕ್ಟರಮ್ಮ ಒಂದು ಪ್ರಶ್ನೆಯನ್ನೂ ಕೇಳದೆ ಬ್ಯಾಗನ್ನು ಮುಚ್ಚಿದರು. ಮೇಜರ್ ಸಾಹೇಬರು ನೆಟ್ಟಗೆ ನಿಂತು, ತಮಗಿಂತ ದೊಡ್ಡ ಅಧಿಕಾರಿಯ ಮುಂದೆ ನಿಂತವರಂತೆ, "ಆಯ್ತಮ್ಮ. ಮಾಡ್ತೀನಿ. ಇದು ಮಂಜೂರು," ಎಂದರು.

ಹೇಳಿದ ಹಾಗೇ ಮಾಡಿದರು. ನಾನು ಮಗಳ ಮನೆಗೆ ಹೊರಡುವ ಮೊದಲೇ ಸಣ್ಣಮ್ಮ ಬರತೊಡಗಿದ್ದಳು. ಆಶ್ರಮದ ಮಾತು ಮತ್ತೆ ಆ ಮನೆಯಲ್ಲಿ ಬರಲಿಲ್ಲ.

ಆದರೆ ಅಕ್ಕ ಆವತ್ತು ಅಷ್ಟಕ್ಕೇ ಬಿಡಲಿಲ್ಲ. ಜೀಪು ಹೋದ ಮೇಲೆ ಬೆಂಚಿನ ಮೇಲೆ ಕೂತು, ಇನ್ನೂ ನಿಂತೇ ಇದ್ದ ಭಾವನನ್ನು ಕರೆದಳು.

"ಕೇಳಿಸ್ತೇನಪ್ಪ? ಸಾಹೇಬರು ಒಪ್ಕೊಂಡ್ರು. ಇನ್ನು ಇಲ್ಯಾಕೆ ನಿಂತಿದ್ದೀಯ? ಹೋಗಿ ಅವಳ ಹತ್ರ ಕೂತ್ಕೋ. ನಿನ್ನ ದಾರೀನೇ ನೋಡ್ತಾ ಇರ್ತಾಳೆ."

"ಹೂಂ ಕಣಮ್ಮ," ಎಂದರು ಭಾವ.

ಹಾಗೆಂದು, ಸೊಂಟ ಹಿಡಿದುಕೊಂಡು ನಿಧಾನವಾಗಿ ಬಂದು, ಅದೇ ಬೆಂಚಿನ ಮೇಲೆ ಕೂತರು. ಪರಗಂಡಸು ಪಕ್ಕಕ್ಕೆ ಬಂದನೆಂದು ಅಕ್ಕ ಸೆರಗನ್ನು ಹೆಗಲ ತುಂಬ ಹೊದ್ದು, ಕೊಂಚ ಆಚೆ ಸರಿದು, ಅವರಿಗೆ ಜಾಗ ಬಿಟ್ಟಳು.