ಹುಣಸೆಹುಳಿಯ ಹೊಳಪು

ಅಡುಗೆಮನೆಯ ಕಿಟಕಿಯ ಕೆಳಗೆ, ಕಡಪಾ ಕಲ್ಲಿನ ಮೇಲೆ, ಒಂದು ಹಳೆಯ ಪಂಚೆ ಹಾಸಿತ್ತು. ಅದರ ಮೇಲೆ ಕಾಲುದೀಪ, ಕಂಚಿನ ಹರಿವಾಣ, ಕವುಚಿ ಹಾಕಿದ ತಂಬಿಗೆ, ಮಗ್ಗುಲಾಗಿ ಮಲಗಿದ ಗಂಟೆ. ಸಾಲಿನ ಕೊನೆಯಲ್ಲಿ ಒಂದು ಕಂಚಿನ ಕೈಗಡಿಯಾರ: ಕರಿಯ ಮುಖ, ದೂರಕ್ಕೂ ಕಾಣುವ ಬಿಳಿಯ ಅಂಕಿಗಳು, ಈರುಳ್ಳಿಯಂತೆ ಉಬ್ಬಿದ ಕೀಲಿ, ದಪ್ಪ ಚರ್ಮದ ಪಟ್ಟಿ. ಕೋಡಂಬಾಕ್ಕಂನ ಬೆಳಗಿನ ಬಿಸಿಲು ಎಲ್ಲದರ ಮೇಲೂ ಒಂದೇ ಸಮನಾಗಿ ಬಿದ್ದಿತ್ತು. ಅದರಡಿಯಲ್ಲಿ ದೀಪವೂ ಗಡಿಯಾರವೂ ಈಗಷ್ಟೇ ಎರಕದಿಂದ ತೆಗೆದಂತೆ ಹೊಳೆಯುತ್ತಿದ್ದವು.

ಬೆರಳಿಗೆ ಅಂಟಿದ ಹುಣಸೆಹುಳಿಯನ್ನು ಸದಾನಂದರು ನಲ್ಲಿಯಡಿ ತೊಳೆದುಕೊಳ್ಳುತ್ತಿದ್ದಾಗ ಹೆಂಡತಿ ಗುಣವತಿ ಒಳಗೆ ಬಂದರು. ಸಾಲನ್ನು ನೋಡುತ್ತ ಬಂದ ಅವರ ಕಣ್ಣು ಕೊನೆಯಲ್ಲಿ ನಿಂತುಬಿಟ್ಟಿತು.

"ಇದನ್ನೂ ತಿಕ್ಕಿದಿರಾ?"

ತಿಕ್ಕದೆ ಮತ್ತೇನು ಮಾಡಬೇಕಿತ್ತು? ಮಗಳು ವೀಕ್ಷಾ ತೀರಿಕೊಂಡ ಮೇಲಿನ ಮೊದಲ ವರ್ಷಾಂತಿಕ ನಿನ್ನೆ ಮುಗಿದಿತ್ತು. ಪೂಜೆಯ ಸಾಮಾನನ್ನು ತೊಳೆದು ಪೆಟ್ಟಿಗೆಗೆ ಸೇರಿಸುವುದು ಇವತ್ತಿನ ಕೆಲಸ. ಅಳಿಯ ಚರಣ್ ಸ್ನಾನಕ್ಕೆ ಹೋಗುವಾಗ ಬಿಚ್ಚಿಟ್ಟ ಗಡಿಯಾರ ಕಂದು ಹಿಡಿದು, ಮೂಲೆಗಳಲ್ಲಿ ಹಸಿರುಗಟ್ಟಿತ್ತು. ಕಲೆಯಿದ್ದ ಲೋಟವನ್ನು ಗಿರಾಕಿಯ ಮುಂದಿಡುವುದು ಅವನಿಗೆ ಮಾಡುವ ಅವಮಾನವೆಂದು ನಂಬಿ ಆಯುಷ್ಯವೆಲ್ಲ ಹೋಟೆಲು ನಡೆಸಿದವರು ಸದಾನಂದರು. ಪಾಪ, ದುಃಖದಲ್ಲಿ ಹುಡುಗನಿಗೆ ತನ್ನ ವಸ್ತುವಿನ ಮೇಲೂ ಗಮನವಿಲ್ಲ ಎಂದುಕೊಂಡರು. ಅದಲ್ಲದೆ, ಇವತ್ತು ಅವನ ಮನಸ್ಸು ಪ್ರಸನ್ನವಾಗಿರುವುದು ಅವರಿಗೆ ಬೇಕಿತ್ತು. ಮೊಮ್ಮಗಳು ಶ್ರೀಯಾ ಒಂದು ವರ್ಷದಿಂದ ಇಲ್ಲೇ ಬೆಳೆಯುತ್ತಿದ್ದಳು. ಚರಣ್ ಹುಬ್ಬಳ್ಳಿಯ ಬ್ಯಾಂಕಿನಲ್ಲಿದ್ದ. ಅಲ್ಲಿಯ ಶಾಲೆಯೊಂದನ್ನು ನೋಡಿಟ್ಟು ಬಂದಿದ್ದ. ಇವತ್ತಿನ ರೈಲಿಗೆ ಮುಂಚೆ ಮಗುವನ್ನು ಇಲ್ಲೇ ಬಿಟ್ಟುಹೋಗೆಂದು ಅವನನ್ನು ಕೇಳಬೇಕು. ಆ ಮಾತನ್ನು ವಾರದಿಂದ ಮನಸ್ಸಿನಲ್ಲಿ ತಿದ್ದಿ ತೀಡಿ ಇಟ್ಟುಕೊಂಡಿದ್ದರು.

ಗುಣವತಿ ದನಿ ತಗ್ಗಿಸಿ ಹೇಳಿದ್ದನ್ನು ಕೇಳುತ್ತ ಅವರು ನಲ್ಲಿ ನಿಲ್ಲಿಸಿದರು. ಅದು ವಿಮಾನ ಹಾರಿಸುವವರ ಮಾದರಿಯ ಗಡಿಯಾರ. ಪೈಲಟ್ ಆಗಬೇಕೆಂದಿದ್ದ ಚರಣನ ಕಣ್ಣಿಗೆ ಕನ್ನಡಕ ಬಂದು ಆ ಆಸೆ ಕೈಬಿಟ್ಟುಹೋಗಿತ್ತು; ಅದಕ್ಕೇ ಮದುವೆಯ ವರ್ಷ ವೀಕ್ಷಾ ಹುಡುಕಿ ತಂದುಕೊಟ್ಟದ್ದು. ಬೆವರಿಗೂ ಗಾಳಿಗೂ ಕಂಚು ತಾನಾಗಿ ಕಪ್ಪಾಗಬೇಕು, ಮುಟ್ಟಬಾರದು ಎಂದು ಅವಳೇ ಹೇಳುತ್ತಿದ್ದಳಂತೆ. ದಿನಾ ಬೆಳಿಗ್ಗೆ ಮಗುವಿನ ತಲೆಗೆ ಎಣ್ಣೆ ಹಚ್ಚಿ ಜಡೆ ಹಾಕಿ, ಅದೇ ಬೆರಳಿನಲ್ಲಿ ಗಡಿಯಾರಕ್ಕೆ ಕೀಲಿ ಕೊಟ್ಟು ಗಂಡನ ಕೈಗೆ ಕಟ್ಟುತ್ತಿದ್ದಳು. ಕೀಲಿಯ ಕೆಳಗೆ ಕೆಂಗಪ್ಪಾಗಿ ಉಳಿದಿದ್ದದ್ದು ಆ ಎಣ್ಣೆಯ ಗುರುತು.

ಬಚ್ಚಲಿನಲ್ಲಿ ನೀರಿನ ಸದ್ದು ನಿಂತಿತು.

ಸರಸ ತಿಕ್ಕಿದಳೆಂದು ಹೇಳಿಬಿಡೋಣ ಎಂದರು ಗುಣವತಿ. ಸರಸ ಪಾತ್ರೆ ತೊಳೆಯಲು ಬರುವವಳು. ಬೆಳಿಗ್ಗೆಯೇ ಬಂದು ಹೋಗಿದ್ದಳು. ಸದಾನಂದರು ಹೌದೆನ್ನಲಿಲ್ಲ, ಬೇಡವೆನ್ನಲೂ ಇಲ್ಲ.

ಚರಣ್ ತಲೆ ಒರೆಸಿಕೊಳ್ಳುತ್ತ ಬಂದ. ಗುಣವತಿ ಅವಸರದಲ್ಲಿ ಸರಸಳ ಹೆಸರು ಹೇಳಿ ಮುಗಿಸಿದರು. ಅವನು ಗಡಿಯಾರವನ್ನೆತ್ತಿ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದ. ಕೀಲಿಯ ಕೆಳಗೆ ಹೆಬ್ಬೆರಳಿಟ್ಟು ಅಲ್ಲೇ ತಡೆದ.

"ಸರಸಳಿಗೆ ಗೊತ್ತುಂಟಲ್ಲ ಅತ್ತೆ. ಮುಟ್ಟಬೇಡ ಅಂತ ಹೋದ ಸಲ ನಾನೇ ಹೇಳಿದ್ದೆ."

"ನಾನು ತಿಕ್ಕಿದ್ದು," ಎಂದರು ಸದಾನಂದರು.

ಚರಣ್ ಅವರನ್ನು ನೋಡಿದ. ಅವನು ಸಿಟ್ಟಾಗಿದ್ದರೆ ಸದಾನಂದರು ತಡೆದುಕೊಳ್ಳಬಹುದಿತ್ತು.

"ಈ ಮನೆಯಲ್ಲಿ ಎಲ್ಲವನ್ನೂ ಚೆನ್ನಾಗಿ ತೊಳೀತೀರಿ, ಮಾವ. ನಿನ್ನೆ ಪೂಜೆಗೆ ಇಟ್ಟಿದ್ದ ಅವಳ ಫೋಟೋ ಈಗ ಎಲ್ಲಿ?"

ಫೋಟೋ ಕಪಾಟಿನೊಳಗಿತ್ತು. ಮಗು ಏಳುವ ಮುಂಚೆ ಸದಾನಂದರೇ ಎತ್ತಿಟ್ಟಿದ್ದರು. ಮೊದಮೊದಲು ಅಮ್ಮನ ಹೆಸರು ಕಿವಿಗೆ ಬಿದ್ದರೆ ಸಾಕು, ಶ್ರೀಯಾ ಉಸಿರುಗಟ್ಟುವ ಹಾಗೆ ಅಳುತ್ತಿದ್ದಳು. ಅಂದಿನಿಂದ ಆ ಹೆಸರು ಮನೆಯೊಳಗೆ ಬರಕೂಡದೆಂದು ಅವರು ನಿಯಮ ಮಾಡಿದ್ದರು. ಈಗ ಮಗು ಅಳುತ್ತಿರಲಿಲ್ಲ. ಅದನ್ನೇ ತನ್ನ ಗೆಲುವೆಂದು ಅಳಿಯನಿಗೆ ಹೇಳಿ, ಆಮೇಲೆ ಬೇಡಿಕೆ ಮುಂದಿಡಬೇಕೆಂದಿದ್ದರು.

ಅಷ್ಟರಲ್ಲಿ ಶ್ರೀಯಾ ಬಾಚಣಿಗೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಳು. ಚರಣ್ ಅವಳ ಎತ್ತರಕ್ಕೆ ಕುಕ್ಕುರುಗಾಲಿನಲ್ಲಿ ಕೂತು ಗಡಿಯಾರ ತೋರಿಸಿದ.

"ಇದಕ್ಕೆ ದಿನಾ ಕೀಲಿ ಕೊಡ್ತಾ ಇದ್ದದ್ದು ಯಾರು, ಪುಟ್ಟಿ?"

ಮಗುವಿನ ತುಟಿ ತೆರೆಯಿತು. ಉತ್ತರ ಅಲ್ಲಿಯವರೆಗೆ ಬಂದಿತ್ತು, ಸದಾನಂದರು ಕಂಡರು. ಆದರೆ ಅವಳ ಕಣ್ಣು ಅಪ್ಪನನ್ನು ಬಿಟ್ಟು ಅಜ್ಜನ ಕಡೆ ಸರಿಯಿತು. ತುಟಿ ಮುಚ್ಚಿತು.

"ತೆರಿಯಾದು," ಎಂದಳು ತಮಿಳಿನಲ್ಲಿ, ಗೊತ್ತಿಲ್ಲವೆಂದು. ಹೇಳಿ, ತಾನು ಸರಿಯಾಗಿ ಹೇಳಿದೆನೇ ಎಂಬಂತೆ ಮತ್ತೊಮ್ಮೆ ಅಜ್ಜನ ಮುಖ ನೋಡಿದಳು.

ಮಗುವಿನ ಬಟ್ಟೆ ಕಟ್ಟಿಕೊಡಿ ಎಂದು ಚರಣ್ ಅತ್ತೆಗೆ ಮೆಲ್ಲಗೆ ಹೇಳಿದ. ಗುಣವತಿ ಗಂಡನತ್ತ ತಿರುಗಿ ಕಾದರು. ವಾರದಿಂದ ತಿದ್ದಿ ತೀಡಿದ ಮಾತು ಸದಾನಂದರ ಗಂಟಲಲ್ಲೇ ಇತ್ತು; ಆ ಎಳೆಯ ಮುಖದ ಎದುರು ಅದನ್ನು ಹೊರಗೆ ತರಲು ಅವರಿಗೆ ನಾಚಿಕೆಯಾಯಿತು. ಒಳಗೆ ಕಪಾಟು ತೆರೆಯುವ, ಬಟ್ಟೆ ಮಡಿಸುವ ಸದ್ದು ಬಹಳ ಹೊತ್ತು ಕೇಳಿಸುತ್ತಿತ್ತು.

ಆಟೊ ಕೆಳಗೆ ಬಂದು ನಿಂತಾಗ ಶ್ರೀಯಾ ಹೊಸ್ತಿಲಲ್ಲಿ ಕೂತು ಚಪ್ಪಲಿಯ ಬಕಲ್ಲಿನೊಂದಿಗೆ ಗುದ್ದಾಡುತ್ತಿದ್ದಳು. ಯಾರಾದರೂ ಕೈ ಹಾಕಿದರೆ ತಳ್ಳುತ್ತಿದ್ದಳು. ಸದಾನಂದರು ಗೋಡೆ ಹಿಡಿದು ಅವಳ ಪಕ್ಕದಲ್ಲಿ ಕೂತರು.

"ನಿನ್ನಮ್ಮನೂ ಹೀಗೇ," ಎಂದರು. ದನಿ ಒಡೆಯಿತು, ಕೆಮ್ಮಿ ಸರಿಮಾಡಿಕೊಂಡರು. "ವೀಕ್ಷಾ. ಚಪ್ಪಲಿಗೆ ಯಾರನ್ನೂ ಕೈ ಹಾಕಲು ಬಿಡುತ್ತಿರಲಿಲ್ಲ. ಶಾಲೆಯ ಬಸ್ಸು ಹಾರನ್ ಹೊಡೆದು ಹೊಡೆದು ಹೊರಟೇಹೋಗುತ್ತಿತ್ತು."

ಮಗುವಿನ ಕೈ ನಿಂತಿತು. ಅಳುತ್ತಾಳೇನೋ ಎಂದು ಮೂವರೂ ಕಾದರು. ಅವಳು ಅಳಲಿಲ್ಲ.

"ಆಮೇಲೆ?" ಎಂದಳು, ಕನ್ನಡದಲ್ಲಿ.

ಕೆಳಗಿನಿಂದ ಆಟೊದವನು ಕೂಗಿದ. ಚರಣ್ ಮಗುವನ್ನೆತ್ತಿ ಹೆಗಲಿಗೆ ಹಾಕಿಕೊಂಡ. ಕಟ್ಟಿದ ಗಡಿಯಾರ ಅವನ ಕೈಯಲ್ಲಿ ಬೇರೆ ಯಾರದೋ ವಸ್ತುವಿನಂತೆ ಹೊಳೆಯುತ್ತಿತ್ತು.

"ಆಮೇಲಿನದ್ದನ್ನು ಇವತ್ತು ಸಂಜೆ ಫೋನಿನಲ್ಲಿ ಹೇಳಿ, ಮಾವ," ಎಂದ. "ನಾಳೆಯೂ ಹೇಳಿ."

ಅವನು ಹೊರಗೆ ಕಾಲಿಟ್ಟು ಬೆನ್ನ ಹಿಂದೆ ಕೈಚಾಚಿ ಬಾಗಿಲೆಳೆದುಕೊಂಡ, ಬಾಗಿಲು ಮುಚ್ಚಿತು.