ಎಳ್ಳಮಾಸಿ ದಿನದ ಹದಿನಾಲ್ಕು ಸಹಿ

ಪಟ್ಟಿಯಲ್ಲಿ ನಾಲತವಾಡವೇ ಇರಲಿಲ್ಲ. ಅನೀಲಕುಮಾರ ಬೆರಳಿಟ್ಟು ಮೇಲಿಂದ ಕೆಳಗೆ ಓದಿದ, ಕೆಳಗಿಂದ ಮೇಲೆ ಓದಿದ. ಇಂಡಿ ಇತ್ತು, ಸಿಂದಗಿ ಇತ್ತು, ಮೋರಟಗಿ ಇತ್ತು, ಮುದ್ದೇಬಿಹಾಳದ ಎರಡು ಓಣಿಗಳಿದ್ದವು. ತಾನೇ ಓಡಾಡಿ ಸಾಲ ಕೊಡಿಸಿದ್ದ ನಾಲತವಾಡದ ಹದಿನಾಲ್ಕು ಹೆಣ್ಣುಮಕ್ಕಳಲ್ಲಿ ಒಬ್ಬಳ ಹೆಸರೂ ಇರಲಿಲ್ಲ. ಅವನ ಕಿವಿ ಕಾದವು. ಸಿಟ್ಟು ಬಂದರೆ ಅವನಿಗೆ ಮೊದಲು ಕಿವಿ ಕಾಯುತ್ತಿದ್ದವು. ಒಂಬತ್ತನೇ ಇಯತ್ತೆಯಲ್ಲಿ ಮಾಸ್ತರರ ಕೂಡ ಜಗಳಾಡಿ, ಪಾಟಿಚೀಲ ಅಲ್ಲೇ ಒಗೆದು ಸಾಲಿ ಬಿಟ್ಟು ಬಂದ ದಿನವೂ ಹೀಗೇ ಆಗಿತ್ತು.

ಅವನು ಬಸವನ ಬಾಗೇವಾಡಿಯ ಸಾಲದ ಕಂಪನಿಯೊಂದರಲ್ಲಿ ಊರೂರು ತಿರುಗುವ ನೌಕರ. ಕಂಪನಿ ಸಾಲ ಕೊಡುವಾಗ ಒಂದು ವಿಮೆಯನ್ನೂ ಮಾರುತ್ತಿತ್ತು. ಸಾಲಗಾರ ಸತ್ತರೆ ಉಳಿದ ಕಂತನ್ನು ಆ ವಿಮೆ ಕಟ್ಟುತ್ತದೆ. ಬೇಕೆಂದವರಿಗಷ್ಟೇ ಕೊಡಬೇಕಾಗಿದ್ದ ಅದನ್ನು ಕೇಳದೆ ಹೇಳದೆ ಎಲ್ಲರ ಕೊರಳಿಗೂ ಕಟ್ಟಿದ್ದರು. ಲಕ್ಷ ಸಾಲವೆಂದರೆ ಕೈಗೆ ಬಂದದ್ದು ತೊಂಬತ್ನಾಲ್ಕು ಸಾವಿರ, ವಿಮೆಗೆ ಹೋದದ್ದು ಆರು ಸಾವಿರ, ಬಡ್ಡಿ ಮಾತ್ರ ಪೂರ್ತಿ ಲಕ್ಷಕ್ಕೆ. ದೂರಿನ ಮೇಲೆ ದೂರು ಹೋಗಿ ಈಗ ಮೇಲಿನ ಆಫೀಸು ಬಗ್ಗಿತ್ತು. ಕೇಳದೆ ಮಾರಿದ ವಿಮೆಯ ಹಣ ತಿರುಗಿ ಕೊಡಬೇಕು, ಅದರ ಲೆಕ್ಕ ತೆಗೆಯಬೇಕು ಎಂದು ಮಂಜರಿಬಾಯಿ ಎಂಬ ಹಿರಿಯ ಅಧಿಕಾರಿಯನ್ನು ಕಳಿಸಿತ್ತು. ಅನೀಲಕುಮಾರನ ಕೈಯಲ್ಲಿದ್ದದ್ದು ಆ ಹಣ ಸಿಗುವವರ ಪಟ್ಟಿ.

"ಸರ, ನಾಲತವಾಡ ಯಾಕ ಇಲ್ರಿ?"

ಬ್ರಾಂಚ್ ಮ್ಯಾನೇಜರ್ ಶ್ರೀಶೈಲಪ್ಪ ತಲೆ ಎತ್ತಲಿಲ್ಲ. "ಅವರು ಬೇಕಂತ ತಗೊಂಡಾರಲ್ಲೋ. ಅರ್ಜಿ ನೋಡು. 'ವಿಮೆಯ ಬಗ್ಗೆ ತಿಳಿಸಿದ್ದಾರೆ, ನನಗೆ ಬೇಕು' ಅನ್ನೂ ಚೌಕದಾಗ ಹದಿನಾಕೂ ಮಂದೀದು ಗುರುತ ಐತಿ. ಕೆಳಗ ಸಹಿ ಐತಿ. ಇನ್ನೇನ ಬೇಕು?"

"ಆ ಗುರುತ ಯಾರ ಹಾಕ್ಯಾರ ನಿಮಗ ಗೊತ್ತೈತ್ರಿ."

"ನನಗ ಗೊತ್ತಿಲ್ಲ. ನಿನಗೂ ಗೊತ್ತಿಲ್ಲ." ಈಗ ತಲೆ ಎತ್ತಿದ. "ಗೊತ್ತೈತಿ ಅಂದ ದಿವಸ ನಿನ್ನ ಬ್ಯಾಗ ಈ ಟೇಬಲ್ ಮ್ಯಾಲ ಇರ್ತೈತಿ. ಸಾಲಿ ಬಿಟ್ಟಾವ್ಗ ಇಂಥಾ ನೌಕರಿ ಇನ್ನೊಮ್ಮೆ ಯಾವನೂ ಕೊಡಂಗಿಲ್ಲ, ನೆನಪಿಟ್ಕೋ."

ಗುರುತು ಹಾಕಿದವನು ಅನೀಲಕುಮಾರನೇ. ಒಂದೂವರೆ ವರ್ಷದ ಹಿಂದೆ, ಡಿಸೆಂಬರ್ ಮೂವತ್ತರೊಳಗೆ ಹದಿನಾಲ್ಕು ಸಾಲ ಆಗಲೇಬೇಕೆಂದು ಶ್ರೀಶೈಲಪ್ಪ ಬೆನ್ನು ಹತ್ತಿದ್ದ. ಮೂವತ್ತಕ್ಕೆ ಎಳ್ಳಮಾಸಿ ಹಬ್ಬ, ಅಂದು ನಾವು ಹೊಲಕ್ಕೆ ಹೋಗುವವರು ಎಂದು ಹೆಣ್ಣುಮಕ್ಕಳು ಹೇಳಿಬಿಟ್ಟರು. ಅದಕ್ಕೆ ಎರಡು ದಿನ ಮೊದಲೇ ಹೋಗಿ ಖಾಲಿ ಅರ್ಜಿಗಳ ಮೇಲೆ ಸಹಿ ಹಾಕಿಸಿಕೊಂಡು ಬಂದ. ಮೂವತ್ತರ ಮುಂಜಾನೆ ಆಫೀಸಿನಲ್ಲಿ ಕೂತು ಒಂದೇ ಪೆನ್ನಿನಿಂದ ಹದಿನಾಲ್ಕು ಚೌಕ ತುಂಬಿದ. "ಹಾಕಲೇ, ಎಲ್ಲಾರೂ ಹಾಕ್ತಾರ" ಅಂದಿದ್ದ ಶ್ರೀಶೈಲಪ್ಪ. ಹಾಕಿದ್ದ.

ಮಧ್ಯಾಹ್ನ ಬೈಕು ನಾಲತವಾಡಕ್ಕೆ ಹೊಡೆದ. ಕಸ್ತೂರೆವ್ವನ ಹಿಟ್ಟಿನ ಗಿರಣಿ ಸದ್ದಿಲ್ಲದೆ ನಿಂತಿತ್ತು. ಮೋಟಾರು ಸುಟ್ಟು ಎಂಟು ದಿನ. ಗಿರಣಿಯ ಕಟ್ಟೆಯ ಮೇಲೆ ಕಸ್ತೂರೆವ್ವ, ಪಕ್ಕದ ಮನೆಯ ಜನ್ನತಬಿ, ಹದಿನಾಲ್ವರಲ್ಲಿ ಇಬ್ಬರು, ಜೋಳ ಹಸನು ಮಾಡುತ್ತ ಕೂತಿದ್ದರು.

"ಬಾರೋ ಸಾಹೇಬಾ! ರೊಕ್ಕಾ ತಂದೀಯೋ, ಬರೇ ಮಾರಿ ತಂದೀಯೋ?" ಕಸ್ತೂರೆವ್ವ ಅವನ ಮುಖ ನೋಡಿದಳು.

"ಬರೇ ಮಾರಿ ತಂದೇನವಾ."

"ಅದೂ ಸುಟ್ಟ ಬದನಿಕಾಯಿ ಆಗೇತಿ. ಏನಾತೋ?"

"ಕನ್ಯಾ ನೋಡಾಕ ಹೋಗಿರಬೇಕಕ್ಕಾ," ಜನ್ನತಬಿ ಮೊರ ಕುಟ್ಟಿದಳು. "ಆ ಹುಡುಗಿ ಒಲ್ಲೆ ಅಂದಿರಬೇಕು."

ಕಸ್ತೂರೆವ್ವ ನಕ್ಕು, ಒಳಗೆ ಹೋಗಿ ಮಜ್ಜಿಗೆ ತಂದಳು. "ಮೋರಟಗ್ಯಾಗ ನಮ್ಮ ತಂಗಿ ಲಕ್ಕವ್ವಗ ರೊಕ್ಕಾ ಬಂತಂತ. ಫೋನ್ ಮಾಡಿದ್ಲು. ನಾ ಅಂದ್ನಿ, ನಮಗೂ ಬರ್ತೈತಿ, ನಮ್ಮ ಹುಡುಗ ಅದಾನಲ್ಲಿ ಅಂತ. ಮೋಟಾರ ವೈಂಡಿಂಗ್ ಮಾಡಾವ ಏಳು ಸಾವಿರ ಕೇಳ್ಯಾನ. ಒಯ್ಯಪಾ, ರೊಕ್ಕಾ ಬಂದಕೂಡ್ಲೆ ಕೊಡ್ತೇನಿ ಅಂದೇನಿ."

ಅವನು ಲೋಟ ಕೈಯಲ್ಲೇ ಹಿಡಿದು ಕೇಳಿದ. "ಕಸ್ತೂರೆವ್ವಾ, ಅವತ್ತ ನಾ ನಿಮ್ಮನ್ನ ಕೇಳಿದ್ನೇನು, ವಿಮಾ ಬೇಕೋ ಬ್ಯಾಡೋ ಅಂತ?"

"ಯಾವ ವಿಮಾ? ಇಲ್ಲಿ ಬರಿ, ಇಲ್ಲಿ ಬರಿ ಅಂದಿ, ಬರದ್ವಿ. ಎಳ್ಳಮಾಸಿ ಮುಂದ ಮನಿ ತುಂಬ ಕೆಲಸ, ಯಾವಾಕಿ ಓದ್ತಾಳೋ ಅದನ್ನ?"

ಅವಳ ದನಿಯಲ್ಲಿ ದೂರಿನ ಎಳೆಯೂ ಇರಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಬೈಗುಳ ಅವನಿಗೆ ಹೊಸದಲ್ಲ, ನಂಬಿಕೆ ಹೊಸದು. ಲೋಟ ಕೆಳಗಿಟ್ಟು, ಪಟ್ಟಿಯ ಮಾತೆತ್ತದೆ ಎದ್ದು ಬಂದ. ದಾರಿಯುದ್ದಕ್ಕೂ ಶ್ರೀಶೈಲಪ್ಪನನ್ನು ಬೈದ, ಕಂಪನಿಯನ್ನು ಬೈದ. ಬಾಗೇವಾಡಿ ಹತ್ತಿರ ಬಂದಾಗ ಬೈಯಲು ತಾನೊಬ್ಬನೇ ಉಳಿದಿದ್ದ.

ಮರುದಿನ ಮಂಜರಿಬಾಯಿ ಅವನನ್ನು ಕರೆದರು. ಮೇಜಿನ ಮೇಲೆ ನಾಲತವಾಡದ ಹದಿನಾಲ್ಕು ಫೈಲು, ಪಕ್ಕದಲ್ಲಿ ಹಳೆಯ ಪಂಚಾಂಗ.

"ಕೂಡ್ರಿ ಅನೀಲಕುಮಾರ. ಡಿಸೆಂಬರ್ ಮೂವತ್ತು, ಮುಂಜಾನೆ ಹನ್ನೊಂದಕ್ಕ ಸಭಾ ಕರದು, ವಿಮಾ ತಿಳಿಸಿ ಹೇಳಿ ಸಹಿ ತಗೊಂಡೀವಿ ಅಂತ ಇದರಾಗ ಬರದದ. ಅವತ್ತ ಏನಿತ್ತು?"

ಅವರೇ ಪಂಚಾಂಗ ತೆರೆದು ಅವನತ್ತ ತಿರುಗಿಸಿದರು.

"ಎಳ್ಳ ಅಮಾವಾಸ್ಯಿ. ನಾ ಇಂಡಿ ಊರಾಕಿ. ಅವತ್ತ ಹನ್ನೊಂದಕ್ಕ ನಮ್ಮ ಓಣ್ಯಾಗ ನಾಯಿ ಸೈತ ಇರ್ತಿದ್ದಿಲ್ಲ, ಎಲ್ಲಾ ಬುತ್ತಿ ಕಟಗೊಂಡು ಭೂಮಿತಾಯಿಗೆ ಚರಗಾ ಚೆಲ್ಲಲಿಕ್ಕೆ ಹೊಲಕ್ಕ. ನಿಮ್ಮ ನಾಲತವಾಡದಾಗ ಹದಿನಾಲ್ಕು ಹೆಣ್ಣಮಕ್ಕಳು ಕಡಬು ಬಿಟ್ಟು ಸಾಲದ ಸಭಾಕ್ಕ ಕೂತಿದ್ರು, ಹೌದಲ್ಲೋ?"

ಅವನಿಗೆ ನಗು ಬಂತು. ಆ ನಗುವೇ ಎಲ್ಲ ಹೇಳಿಬಿಟ್ಟಿತು.

ಮಂಜರಿಬಾಯಿ ನಗಲಿಲ್ಲ. "ಬರೇ ಸಂಶಯದ ಮ್ಯಾಲೆ ನನಗ ರೊಕ್ಕಾ ಕೊಡಿಸ್ಲಿಕ್ಕೆ ಬರೂದಿಲ್ಲ. ಅಲ್ಲಿದ್ದವರು ಯಾರರೆ ಬರದು ಕೊಡಬೇಕು. ಬರದವರಿಗೆ ಮುಂದ ಏನಾಗ್ತದ, ಅದು ನನ್ನ ಕೈಯಾಗಿಲ್ಲ. ನಿಮಗ ಸುಳ್ಳು ಧೈರ್ಯ ಯಾಕ ಹೇಳ್ಲಿ? ವಿಚಾರ ಮಾಡ್ರಿ."

ಗಾಜಿನ ಆಚೆ ಶ್ರೀಶೈಲಪ್ಪ ಫೋನು ಹಿಡಿದುಕೊಂಡು ಇತ್ತಲೇ ನೋಡುತ್ತಿದ್ದ. ಅನೀಲಕುಮಾರನಿಗೆ ಅವ್ವ ನೆನಪಾದಳು. ದಿನಾ ಮುಂಜಾನೆ ಕಂಪನಿಯ ಬ್ಯಾಗಿನ ಧೂಳು ಸೆರಗಿನಿಂದ ಒರೆಸಿ ಕೊಡುವವಳು, ನಮ್ಮ ಮಗ ಆಫೀಸಿನಾಂವ ಎಂದು ಓಣಿಗೆಲ್ಲ ಹೇಳುವವಳು. ಆ ಬ್ಯಾಗು ಹೋದರೆ ಮತ್ತೆ ಇಟ್ಟಿಗೆ ಭಟ್ಟಿಯೇ ಗತಿ. ಆದರೂ ಪೆನ್ನು ತೆಗೆದುಕೊಂಡ.

ಇಪ್ಪತ್ತೆಂಟಕ್ಕೆ ಖಾಲಿ ಅರ್ಜಿಗೆ ಸಹಿ ತೆಗೆದುಕೊಂಡದ್ದು, ಮೂವತ್ತಕ್ಕೆ ಆಫೀಸಿನಲ್ಲಿ ಕೂತು ತಾನೇ ಗುರುತು ಹಾಕಿದ್ದು, ಹಾಕೆಂದವರು ಯಾರು ಎಂಬುದು, ವಿಮೆ ಬೇಕೇ ಎಂದು ಒಬ್ಬಳನ್ನೂ ಕೇಳಿಲ್ಲ ಎಂಬುದು, ಎಲ್ಲ ಬರೆದ. ಬರೆದು ಮುಗಿಸಿದಾಗ ಅಂಗಿ ಬೆನ್ನಿಗೆ ಅಂಟಿತ್ತು. ಮಂಜರಿಬಾಯಿ ಎರಡು ಸಲ ಓದಿ, ಕೆಳಗೆ ತಾರೀಖು ಹಾಕಿಸಿ, ನೀರಿನ ಬಾಟಲಿ ಅವನತ್ತ ಸರಿಸಿದರು.

"ಈಗ ಲೆಕ್ಕಾ. ಕಸ್ತೂರೆವ್ವಗ ಎಷ್ಟು ಕೊಡಬೇಕು? ನೀವೇ ಹೇಳ್ರಿ."

ಅವನು ಬೆರಳೆಣಿಸಿದ. "ಆರು ಸಾವಿರ ಅಸಲು. ನೂರಕ್ಕ ತಿಂಗಳಿಗೆ ಎರಡರಂಗ ಹದಿನೆಂಟು ತಿಂಗಳಿಗೆ ಎರಡು ಸಾವಿರದ ನೂರಾ ಅರವತ್ತು ಬಡ್ಡಿ. ಒಟ್ಟು ಎಂಟು ಸಾವಿರದ ನೂರಾ ಅರವತ್ರಿ."

"ಏಳು ಸಾವಿರದ ಇನ್ನೂರು."

ಕಿವಿ ಮತ್ತೆ ಕಾದವು. "ಬಾಯಾರ, ತಗೊಳ್ಳುವಾಗ ಒಂದ್ರೂಪಾಯಿ ಬಿಡಲಿಲ್ಲ. ಕೊಡುವಾಗ ಒಂಬೈನೂರಾ ಅರವತ್ತು ನುಂಗೂದೇನ್ರಿ? ನೀವೂ ಕಂಪನಿ ಕಡೇನ?"

"ಬೈಯೂದು ಆಮ್ಯಾಲೆ ಬೈಯ್ರಿ. ಮೊದಲ ಬರೀರಿ." ಅವರು ಹಾಳೆಯ ನಡುವೆ ಗೆರೆ ಎಳೆದರು. "ಈ ಕಡೆ ಆಕಿ ಖರೇನೂ ಕಟ್ಟಿದ ಕಂತು, ಲಕ್ಷದ್ದು. ಆರು ಸಾವಿರದ ಆರುನೂರಾ ಎಪ್ಪತ್ತು. ಆ ಕಡೆ ವಿಮಾ ಇರದಿದ್ದರ ಆಕಿ ಕಟ್ಟಬೇಕಾಗಿದ್ದ ಕಂತು, ತೊಂಬತ್ನಾಲ್ಕು ಸಾವಿರದ್ದು. ಆರು ಸಾವಿರದ ಇನ್ನೂರಾ ಎಪ್ಪತ್ತು. ಎಷ್ಟು ಹೆಚ್ಚಾತು?"

"ನಾಕನೂರು."

"ಹದಿನೆಂಟು ಕಂತಿಗೆ?"

"ಏಳು ಸಾವಿರದ ಇನ್ನೂರು." ಬಂದ ಉತ್ತರದ ಮೇಲೂ ಅವನಿಗೆ ಸಿಟ್ಟಿತ್ತು. "ಮತ್ತ ನನ್ನ ಬಡ್ಡಿ ಎಲ್ಲಿ ಹೋತ್ರಿ?"

"ತಿಂಗಳಾ ಕಂತು ಕಟ್ಟಿದಂಗ ಅಸಲು ಕರಗ್ತದ, ಬಡ್ಡಿನೂ ಇಳೀತದ. ನೂರು ಇಸಗೊಂಡು ಐವತ್ತು ತೀರಿಸಿದ ಮ್ಯಾಲೂ ನೂರಕ್ಕೇ ಬಡ್ಡಿ ಹಿಡೀತಾರೇನು?"

"ನಮ್ಮೂರಾಗ ಹಿಡೀತಾರ್ರಿ."

"ಅದಕ್ಕ ಅವರ ಮನಿಗೆ ಮೂರು ಅಂತಸ್ತು." ಈ ಸಲ ಮಂಜರಿಬಾಯಿ ನಕ್ಕರು. "ಕಂಪನಿ ಬರೇ ಆರು ಸಾವಿರ ಕೊಡ್ತೀವಿ ಅಂದಿತ್ತು. ಆ ಆರರ ಮ್ಯಾಲೆ ತಗೊಂಡ ಬಡ್ಡಿನೂ ಕೊಡಬೇಕು ಅಂತ ಮೂರು ಪತ್ರಾ ಬರದು ಒಪ್ಪಿಸೀನಿ. ಇರೂದಕ್ಕಿಂತ ಒಂದು ರೂಪಾಯಿ ಹೆಚ್ಚು ಕೇಳಿದ್ರ ಇಡೀ ಲೆಕ್ಕಾನೇ ಸುಳ್ಳು ಅಂತಾರ. ಉಳದ ಹದಿಮೂರು ನೀವೇ ತಗೀರಿ. ನಾ ನೋಡ್ತೀನಿ."

ತೆಗೆದ. ಮೂರನೆಯದರಲ್ಲಿ ತಪ್ಪಿದ. ಅವರು ಬರೀ ತಪ್ಪಿದ ಸಾಲಿನ ಮೇಲೆ ಬೆರಳಿಟ್ಟರು, ಅವನೇ ತಿದ್ದಿದ. ಹದಿನಾಲ್ಕನೆಯದು ಮುಗಿಯುವಾಗ ಹೊರಗೆ ಬಿಸಿಲು ಇಳಿದಿತ್ತು. ಗಣಿತ ಕಲಿಸಿದವರಲ್ಲಿ ಅವನ ಮೇಲೆ ಕೈ ಎತ್ತದೆ ಇದ್ದವರು ಇವರೊಬ್ಬರೇ. ಹಾಗೆಂದು ಹೇಳಬೇಕೆಂದುಕೊಂಡ. ಬಾಯಿಗೆ ಬಂದದ್ದು, "ಬರ್ತೇನ್ರಿ ಬಾಯಾರ" ಅಷ್ಟೇ.

ಹನ್ನೆರಡು ದಿನದ ಮೇಲೆ ಹದಿನಾಲ್ಕೂ ಖಾತೆಗೆ ಹಣ ಬಿತ್ತು. ಅದೇ ಸಂಜೆ ಶ್ರೀಶೈಲಪ್ಪ ಅವನ ಮುಂದೆ ಒಂದು ಲಕೋಟೆ ಒಗೆದ. ಅರ್ಜಿಗಳಲ್ಲಿ ಸುಳ್ಳು ಗುರುತು ಹಾಕಿದ್ದನ್ನು ನೀನೇ ಒಪ್ಪಿದ್ದೀ, ಕೆಲಸದಿಂದ ಯಾಕೆ ತೆಗೆಯಬಾರದು ಎಂಬುದಕ್ಕೆ ಏಳು ದಿನದಲ್ಲಿ ಉತ್ತರ ಕೊಡು, ಅಲ್ಲಿಯವರೆಗೆ ಬ್ಯಾಗು ಜಮಾ ಮಾಡು.

ಬ್ಯಾಗು ಇಟ್ಟು ಅವನು ನೇರ ನಾಲತವಾಡಕ್ಕೆ ಹೋದ. ಗಿರಣಿ ಗುಡುಗುತ್ತಿತ್ತು, ಮುಂದೆ ಜೋಳದ ಬುಟ್ಟಿಗಳ ಸಾಲು. ಅವನನ್ನು ಕಂಡು ಕಸ್ತೂರೆವ್ವ ಗಿರಣಿ ನಿಲ್ಲಿಸಿ, ಹಿಟ್ಟಿನ ಕೈಯಲ್ಲೇ ಅವನ ಕೆನ್ನೆ ಸವರಿ ನೆಟಿಗೆ ಮುರಿದಳು. "ನೂರು ವರ್ಷ ಬಾಳಪಾ!"

"ತಡೀಯವಾ. ಮೊದಲ ಕೇಳು, ಆಮ್ಯಾಲ ಹರಸು." ನಿಂತಲ್ಲೇ ಎಲ್ಲ ಹೇಳಿದ. ಹಣ ಹೋದದ್ದೇ ತನ್ನ ಪೆನ್ನಿನಿಂದ ಎಂಬುದನ್ನೂ ಹೇಳಿದ, ಲಕೋಟೆಯ ಮಾತನ್ನೂ ಹೇಳಿದ.

ಕಸ್ತೂರೆವ್ವ ಕೈಯ ಹಿಟ್ಟು ಕೊಡವಿದಳು. ಆಮೇಲೆ ಶುರು ಮಾಡಿದಳು. ಹುಚ್ಚ ಖೋಡಿ ಅಂದಳು, ಬಾಡ್ಯಾ ಅಂದಳು, ನಿಮ್ಮವ್ವನ ಮುಂದ ಹೇಳ್ತೇನಿ ತಡಿ ಅಂದಳು. ಉಸಿರು ತೆಗೆದುಕೊಂಡು ಕಡೆಗೆ ಅಂದಳು, "ಖಾಲಿ ಕಾಗದಕ್ಕ ಸಹಿ ಹಾಕಿದಾವ್ರು ಯಾರು? ನಾವು. ಜಲ್ದಿ ಮುಗಸೋ, ಒಲಿ ಮ್ಯಾಗ ಹೂರಣ ಐತಿ ಅಂದಾವ್ರು ಯಾರು? ನಾವ. ಮುಚ್ಚಿಟ್ಟು ಸುಮ್ನ ಕುಂಡ್ರಾಕ ಬರ್ತಿತ್ತು ನಿನಗ. ಕುಂಡ್ರಲಿಲ್ಲ. ಆ ಲಕೋಟಿ ಕೊಟ್ಟಾವ ಎಷ್ಟಕ್ಕ ಬರ್ತಾನ ಆಫೀಸಿಗೆ?"

"ಹತ್ತಕ್ಕ. ಬ್ಯಾಡವಾ, ನೀವು ಬರಬ್ಯಾಡ್ರಿ."

"ನಿನ್ನ ಯಾರ ಕೇಳ್ಯಾರ? ಹೆಣ್ಣಮಕ್ಕಳಿಗೆ ಬಸ್ಸ ಫುಕಟ ಐತಿ," ಅಂದಳು ಜನ್ನತಬಿ.

ಮರುದಿನ ಹತ್ತೂ ಕಾಲಿಗೆ ಹದಿನಾಲ್ಕು ಹೆಣ್ಣುಮಕ್ಕಳು ಆಫೀಸಿನ ಒಳಗೆ ನೆಲದ ಮೇಲೆ ಸಾಲಾಗಿ ಕೂತರು. ಶ್ರೀಶೈಲಪ್ಪ ಎದ್ದು ನಿಂತ, ಕೂತ, ಮತ್ತೆ ಎದ್ದ. "ಏನವಾ, ನಿಮ್ಮ ರೊಕ್ಕಾ ಬಂತಲ್ಲ?"

"ಬಂತ್ರಿ, ಪುಣ್ಯಾ ಬರ್ಲಿ. ಅದಕ್ಕ ಒಂದು ಕಾಗದ ತಂದೇವಿ. ನಾಕನೇ ಇಯತ್ತಾ ಕಲ್ತಾಕಿ ನಾ, ನಾನ ಬರದೇನಿ," ಎಂದು ಕಸ್ತೂರೆವ್ವ ಕಾಗದವನ್ನು ಅವನಿಗೆ ಕೊಡದೆ, ಪಕ್ಕದ ಮೇಜಿನಲ್ಲಿ ಇನ್ನೂ ಫೈಲು ನೋಡುತ್ತಿದ್ದ ಮಂಜರಿಬಾಯಿಯವರಿಗೆ ಕೊಟ್ಟಳು. ಅದರಲ್ಲಿ ಹೀಗಿತ್ತು: ಖಾಲಿ ಅರ್ಜಿಗೆ ನಾವೇ ಅವಸರದಲ್ಲಿ ಸಹಿ ಹಾಕಿದ್ದೇವೆ. ಈ ಹುಡುಗ ನಿಜ ಹೇಳಿದ್ದರಿಂದ ನಮ್ಮ ಹಣ ಬಂದಿದೆ. ತೆಗೆಯುವುದಿದ್ದರೆ ಗುರುತು ಹಾಕು ಅಂದವರನ್ನೂ ಕೇಳಿರಿ. ಕೆಳಗೆ ಹದಿನಾಲ್ಕು ಸಹಿ.

"ಓದಿ ಹಾಕಿದ್ದೇವ್ರೀ ಈ ಸಲ," ಅಂದಳು ಜನ್ನತಬಿ. "ಎಳ್ಳಮಾಸಿಗೆ ನಾನೂ ಇವರ ಗಾಡ್ಯಾಗ ಹೊಲಕ್ಕ ಹೋಗಿದ್ನಿ. ಫೋಟೋ ಅದಾವ, ತೋರಸ್ಲೇನ್ರಿ ಮ್ಯಾನೇಜರ ಸಾಹೇಬ್ರ?"

ಶ್ರೀಶೈಲಪ್ಪನ ಮುಖ ಇಳಿಯಿತು. ಮಂಜರಿಬಾಯಿ ಕಾಗದವನ್ನು ಅನೀಲಕುಮಾರನ ಹೇಳಿಕೆಯ ಹಿಂದೆ ಪಿನ್ನು ಹಾಕಿ ಸೇರಿಸಿದರು. "ಎರಡೂ ಕೂಡೇ ಮ್ಯಾಲಕ್ಕ ಹೋಗ್ತಾವ. ಅವರು ಏನಂತಾರೋ ನನಗ ಗೊತ್ತಿಲ್ಲ. ಅಲ್ಲೀತನಕ ಈತ ನನ್ನ ಕೂಡ ಇರ್ಲಿ ಶ್ರೀಶೈಲಪ್ಪ. ಸಿಂದಗಿ, ಮುದ್ದೇಬಿಹಾಳದ ಫೈಲ್ನ್ಯಾಗೂ ಇಂಥಾ ತಾರೀಖು ಎಷ್ಟವ ನೋಡಬೇಕಾಗೇದ."

ಅನೀಲಕುಮಾರ ಗೋಡೆಗೆ ಆತು ನಿಂತಿದ್ದ. ಬೈಯಲು ಯಾರೂ ಸಿಗದ ಸಿಟ್ಟು ಎದೆಯಲ್ಲಿ ನೀರಾಗುತ್ತಿತ್ತು. ನೌಕರಿ ಉಳಿಯುತ್ತದೋ ಇಲ್ಲವೋ ಅವನಿಗೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಇಷ್ಟೇ: ತನಗೋಸ್ಕರ ಇಷ್ಟು ಮಂದಿ ಒಂದು ಕಡೆ ಕೂತದ್ದು ಅವನ ಜನ್ಮದಲ್ಲಿ ಇದೇ ಮೊದಲು.

ಹೆಣ್ಣುಮಕ್ಕಳು ಏಳುವ ಲಕ್ಷಣ ಕಾಣಲಿಲ್ಲ. ಶ್ರೀಶೈಲಪ್ಪ ಬೇರೆ ದಾರಿಯಿಲ್ಲದೆ ಕಿಟಕಿಯಿಂದ ಚಾದಂಗಡಿಗೆ ಕೂಗಿದ, "ಏಯ್, ಹದಿನಾಕು ಚಾ ಕಳಸೋ!"

"ಹದಿನೈದು ಹೇಳ್ರಿ," ಅಂದಳು ಕಸ್ತೂರೆವ್ವ, ನೆಲದ ಮೇಲೆ ತನ್ನ ಪಕ್ಕಕ್ಕೆ ಜಾಗ ಮಾಡುತ್ತ. "ನಮ್ಮ ಹುಡುಗ ನಿಂತಾನ. ಬಾರೋ, ಕುಂಡ್ರು."