ಹೂಂಗುಟ್ಟಿದ ತಪ್ಪಿಗೆ

ಸಂಜೆ ಐದರೊಳಗೆ ಫೋನಿನಲ್ಲಿ ಒಪ್ಪಿಗೆ ತಿಳಿಸದಿದ್ದರೆ ಫಕೀರವ್ವನ ಕಣ್ಣಿನ ಆಪರೇಶನ್ನಿನ ಪಾಳಿ ಇನ್ನೊಬ್ಬರಿಗೆ ಹೋಗುತ್ತಿತ್ತು. ಮತ್ತೆ ಪಾಳಿ ಸಿಗುವುದು ನಾಲ್ಕು ತಿಂಗಳಿಗೆ. ರಾಜೂರಿನ ಮನೆಯ ಕಟ್ಟೆಯ ಮೇಲೆ ಸೊಸೆ ರಾಜೇಶ್ವರಿ ಮೊಬೈಲು ಹಿಡಿದು ಕುಳಿತಾಗ ನಾಲ್ಕೂ ಕಾಲು. ಪಕ್ಕದಲ್ಲಿ ಅತ್ತೆ, ಪೊರೆ ಕವಿದ ಕಣ್ಣುಗಳನ್ನು ಅವಳತ್ತ ತಿರುಗಿಸಿಕೊಂಡು.

ಆರು ತಿಂಗಳಿಂದ ರಾಜೇಶ್ವರಿ ರವಿವಾರಕ್ಕೊಮ್ಮೆ ಬಸ್ಸು ಹತ್ತಿ ಗಜೇಂದ್ರಗಡಕ್ಕೆ ಹೋಗಿ, ನಿವೃತ್ತ ಶಿಕ್ಷಕ ವೇದವ್ಯಾಸರಲ್ಲಿ ಇಂಗ್ಲಿಷ್ ಕಲಿಯುತ್ತಿದ್ದಳು. ಹೀಗಾಗಿ ನಗರದ ಆಸ್ಪತ್ರೆಯ ಯಂತ್ರದ ಹೆಣ್ಣುದನಿ ಇಂಗ್ಲಿಷಿನಲ್ಲಿ ಮಾತು ತೆಗೆದಾಗ ಬೆದರಲಿಲ್ಲ. ಹೊಸ ರೋಗಿಗಳು ಒಂದನ್ನು ಒತ್ತಿ, ಇಲ್ಲವೇ ಬಾಯಿಂದ ಹೇಳಿ ಎಂದಿತು ದನಿ. ಅರ್ಥವಾಯಿತು.

"ಹೂಂರಿ," ಎಂದಳು.

ದನಿ ತಟ್ಟನೆ ನಿಂತಿತು. ಕ್ಷಮಿಸಿ, ನಿಮ್ಮ ಮಾತು ತಿಳಿಯಲಿಲ್ಲ ಎಂದು ಮತ್ತೆ ಮೊದಲಿನಿಂದ ಆರಂಭಿಸಿತು. ಮೂರು ಸಲ ಹೀಗಾಗಿ ಕರೆಯೇ ಕಡಿದುಹೋಯಿತು. ಇನ್ನೊಮ್ಮೆ ಹಚ್ಚಿದರೆ ಸಂಗೀತ ಕೇಳಿಸಿ ಬಹಳ ಹೊತ್ತು ಕಾಯಿಸಿ, ಮತ್ತದೇ ಕಥೆ.

"ನನಗ ಅಕೀ ಮಾತು ತಿಳ್ಯಾಕತ್ತೈತ್ರಿ ಅತ್ತಿ. ಅಕಿಗೇ ನಂದು ತಿಳೀವಲ್ದು."

"ಆ ರವಿವಾರೆಲ್ಲಾ ಮನ್ಯಾಗ ಕುಂತಿದ್ರ ಎರಡು ಕೌದಿ ಮುಗೀತಿದ್ವು," ಎಂದು ಫಕೀರವ್ವ ಚುಚ್ಚಿದಳು. "ಇನ್ನೊಮ್ಮಿ ಹಚ್ಚು. ದನಿ ಜೋರ್ ಇಡು, ನಾನೂ ಕೇಳ್ತೀನಿ."

ಇಂಗ್ಲಿಷಿನ ಒಂದಕ್ಷರವನ್ನೂ ಅರಿಯದ ಮುದುಕಿ ತಲೆ ಓರೆ ಮಾಡಿ ಆಲಿಸಿದಳು. ಆಮೇಲೆ ಸೊಸೆಯ ತೊಡೆಗೊಂದು ಏಟು ಕೊಟ್ಟಳು.

"ಏ ಹುಚ್ಚಿ! ನೀ ಹೂಂ ಅಂದಾಗೊಮ್ಮೆ ಅಕಿ ಹೊಳ್ಳಿ ಸುರು ಮಾಡ್ತಾಳ. ಬಾಯಿ ಮುಚ್ಚು!"

"ಮಾತಾಡೋರಿಗೆ ಹೂಂ ಅನ್ನದ ಹ್ಯಾಂಗ ಕುಂದ್ರೂದ್ರಿ?"

ರಾಜೇಶ್ವರಿಗೆ ಸಿಟ್ಟು ಬಂತು. ಒಬ್ಬರು ಹೇಳುವಾಗ ಇನ್ನೊಬ್ಬರು ಹೂಂಗುಟ್ಟುವುದು ಅವಳಿಗೆ ಯಾವ ಪಾಠದಿಂದಲೂ ಬಂದದ್ದಲ್ಲ. ನಿಮ್ಮ ಮಾತಿಗೆ ಕಿವಿಯಾಗಿದ್ದೇನೆ ಎಂದು ಎದುರಿನ ಜೀವಕ್ಕೆ ಕೊಡುವ ಭರವಸೆ ಅದು. ಆ ಸೌಜನ್ಯವನ್ನೇ ಅಪರಾಧವೆಂದು ಎಣಿಸುವ ಯಂತ್ರವನ್ನು ರೋಗಿಗಳ ಬಾಗಿಲಲ್ಲಿ ಕಾವಲಿಟ್ಟವರು ಎಂಥವರು? ಅವರ ಭಾಷೆಗಾಗಿ ತಾನು ಆರು ತಿಂಗಳು ಬಸ್ಸು ಹತ್ತಿದಳು. ತನ್ನ ಭಾಷೆಗಾಗಿ ಅವರು ಒಂದು ಮೆಟ್ಟಿಲಾದರೂ ಇಳಿದರೇ?

ಆದರೆ ಐದಕ್ಕೆ ಹತ್ತೇ ನಿಮಿಷ ಉಳಿದಿತ್ತು. ಅವಳು ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಮತ್ತೆ ಹಚ್ಚಿದಳು. ಫಕೀರವ್ವನೂ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಹೂಂಗುಟ್ಟುವವರಿಲ್ಲದೆ ದನಿ ಒಂಟಿಯಾಗಿ ಹೇಳುತ್ತಲೇ ಹೋಯಿತು. ಆಪರೇಶನ್ನಿಗೆ ಒಪ್ಪಿಗೆ ಕೊಡಲು ನಾಲ್ಕು ಎಂದಿತು, ಒತ್ತಿದಳು. ಅತ್ತೆಯ ಹೆಸರನ್ನು ತೊದಲುತ್ತ ಓದಿ, ಸರಿಯಿದ್ದರೆ ಒಂದು ಎಂದಿತು, ಒತ್ತಿದಳು. ಪಾಳಿ ಖಚಿತವಾಯಿತು. ಸೆರಗು ಬಾಯಿಂದ ಜಾರಿತು.

"ಏನಂದ್ಲು?"

"ಬರೋ ಗುರುವಾರ ಆಪರೇಶನ್ ಅಂತ್ರಿ."

"ಹೂಂ."

"ಒಂಬತ್ತಕ್ಕ ಅಲ್ಲಿರಬೇಕಂತ."

"ಹೂಂ."

"ಹಿಂದಿನ ದಿನಾನ ತಲಿ ತೊಳ್ಕೋಬೇಕಂತ."

"ಹೂಂ. ಮುಂದ?"

ರಾಜೇಶ್ವರಿ ಹೇಳುತ್ತ ಹೋದಳು. ಒಂದು ಮಾತನ್ನೂ ಮೊದಲಿನಿಂದ ಹೇಳಬೇಕಾಗಲಿಲ್ಲ.